ಹಿಂದಿನ ಸೀಟಿನಲ್ಲಿ ನಮ್ಮವರು

ರಕ್ಸೌಲ್‌ನಲ್ಲಿ ಬಸ್ಸು ಹತ್ತಿದ ಮೇಲೆ ನಾನು ಮುಂದೆ ಹೋಗಿ ಕೂತೆ, ನಮ್ಮವರು ಹಿಂದೆ ಹೋಗಿ ಕೂತರು. ನೇಪಾಳದ ಆ ಪ್ರವಾಸದ ಬಗ್ಗೆ ಆಣೆ ಮಾಡಿ ಹೇಳಬಲ್ಲ ಮಾತು ಬಹುಶಃ ಇದೊಂದೇ. ಮಿಕ್ಕಿದ್ದನ್ನು ನಮ್ಮ ಬೀದಿಯಲ್ಲಿ ಎಷ್ಟು ಸಲ ಹೇಳಿಬಿಟ್ಟಿದ್ದೇನೆಂದರೆ, ಈಗ ನೆನಪಿಗೆ ಬರುವುದು ನಡೆದ ಸಂಗತಿಯೋ ಅಥವಾ ನಾನು ಹೇಳುತ್ತಾ ಬಂದ ಕಥೆಯೋ ನನಗೇ ಬಿಡಿಸಿ ಹೇಳಲು ಬರುವುದಿಲ್ಲ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನ ಕಾಲದಿಂದ ಇದೆ. ಆದರೆ ಕುಲುಕುವ ಬಸ್ಸಿನಲ್ಲಿ ಗೀಚಿದ ಅಕ್ಷರವನ್ನು ಈಗ ನಾನೇ ಓದಲಾರೆ. ನಮ್ಮವರನ್ನು ಕೇಳಿದರೆ ಅವರ ನೆನಪು ಬೇರೆಯೇ. ಎಲ್ಲಿ ಇಬ್ಬರ ನೆನಪೂ ಕೂಡುವುದಿಲ್ಲವೋ ಅಲ್ಲಿ ಹಾಗಂತ ಹೇಳಿಬಿಡುತ್ತೇನೆ.

ಯಲಹಂಕ

ನನ್ನ ತೌರು ರಾಜಾನುಕುಂಟೆ. ಅಪ್ಪ ಹಠ ಹಿಡಿದು ನನ್ನನ್ನು ಬೆಂಗಳೂರಿನ ಹಾಸ್ಟೆಲಿನಲ್ಲಿಟ್ಟು ಬಿ.ಎ. ಮಾಡಿಸಿದ. ಆಮೇಲೆ ಅಷ್ಟೇ ಹಠದಿಂದ ಯಲಹಂಕದ ಒಂದು ದೊಡ್ಡ ಮನೆಗೆ ಕೊಟ್ಟ. ದೊಡ್ಡ ಮನೆ ಅಂದರೆ ದೊಡ್ಡ ಸಂಸಾರ: ಅತ್ತೆ, ಮಾವ, ಭಾವಂದಿರು, ಓರಗಿತ್ತಿಯರು, ಅವರ ಮಕ್ಕಳು. ನಮ್ಮವರು ಪಟ್ಟಣದ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು.

ಆ ಮನೆಯಲ್ಲಿ ಗಂಡ ಹೆಂಡತಿ ಎಲ್ಲರೆದುರಿಗೆ ಮಾತಾಡಿಕೊಳ್ಳುವ ಪದ್ಧತಿ ಇರಲಿಲ್ಲ. ಇವರಿಗೆ ಬಾಯಾರಿದರೆ ಗೋಡೆಯ ಕಡೆ ನೋಡಿಕೊಂಡು "ಯಾರಾದ್ರೂ ಒಂದು ಲೋಟ ನೀರು ಕೊಡಿ" ಅನ್ನುತ್ತಿದ್ದರು. ಆ ಯಾರಾದರೂ ಯಾವಾಗಲೂ ನಾನೇ. ಬೀದಿಯಲ್ಲಿ ನಡೆದರೆ ಇವರು ಮುಂದೆ, ನಾನು ಹಿಂದೆ. ಬಸ್ಸಿನಲ್ಲಾದರೆ ತಿರುವುಮುರುವು: ಹೆಂಗಸರು ಮುಂದೆ, ಗಂಡಸರು ಹಿಂದೆ. ಮುಂದೆ ಕೂತ ಹೆಂಗಸು ಕತ್ತು ತಿರುಗಿಸಿ ಗಂಡಸರ ಕಡೆ ನೋಡಿದರೆ ಆ ಸುದ್ದಿ ಅವಳಿಗಿಂತ ಮೊದಲು ಮನೆ ತಲುಪುತ್ತಿತ್ತು. ಕೋಣೆಯೊಳಗೆ ಇಬ್ಬರೇ ಇದ್ದಾಗಲೂ ಪಕ್ಕದ ಕೋಣೆಗೆ ಕೇಳೀತು ಅಂತ ಪಿಸುಗುಟ್ಟುತ್ತಿದ್ದೆವು, ಅದೂ ಸೀಮೆಎಣ್ಣೆ ಮುಗಿದಿದೆ ಎಂಬಂಥ ಮಾತು.

ಹೀಗೆ ಮೂರು ವರ್ಷ ಸಂಸಾರ ಮಾಡಿದ್ದೆ. ನಿನ್ನ ಗಂಡ ಎಂಥವನು ಅಂತ ಯಾರಾದರೂ ಕೇಳಿದ್ದರೆ ಒಳ್ಳೆಯವರು ಅನ್ನುತ್ತಿದ್ದೆ. ಮತ್ತೇನು ಅಂದಿದ್ದರೆ ಉತ್ತರವಿರಲಿಲ್ಲ.

ನೇಪಾಳಕ್ಕೆ ಹೋಗುವ ಯೋಚನೆ ಇವರದು. ದಿನಾ ನಕ್ಷೆಯ ಮೇಲೆ ಕೋಲಿಟ್ಟು ತೋರಿಸುವ ಬೆಟ್ಟಗಳನ್ನು ಒಂದು ಸಲ ಕಣ್ಣಾರೆ ನೋಡಬೇಕಂತೆ. ಬೆಟ್ಟ ನೋಡಲು ಹೋಗುತ್ತೇವೆ ಅಂದರೆ ಮನೆಯಲ್ಲಿ ಯಾರು ಒಪ್ಪುತ್ತಾರೆ? ಆದ್ದರಿಂದ ಪಶುಪತಿನಾಥನ ಹೆಸರು ಹೇಳಿದರು. ದೇವರ ಹೆಸರು ಬಂದ ಮೇಲೆ ಅತ್ತೆ ತಾವೇ ಮುಂದೆ ನಿಂತು ಹೊರಡಿಸಿದರು. ಅತ್ತೆಗೆ ಪಶುಪತಿನಾಥ ಬೇಕಾಗಿತ್ತು, ಇವರಿಗೆ ಹಿಮಾಲಯ. ನನಗೆ ಬೇಕಾಗಿದ್ದದ್ದು ಇವರು. ಮನೆಯಿಂದ ಅಷ್ಟು ದೂರ ಹೋದ ಮೇಲಾದರೂ ನನ್ನ ಜೊತೆ ಕೂತು ಮಾತಾಡುತ್ತಾರೆ ಅಂತ ಆಸೆ. ಹಾಗಂತ ಯಾರ ಹತ್ತಿರ ಹೇಳುವುದು?

ಇವರು ಮಿಲಿಟರಿಯವರು ಹರಾಜು ಹಾಕಿದ ಎರಡು ಕ್ಯಾನ್ವಾಸ್ ಬೆನ್ನುಚೀಲ ತಂದರು. ನಡುಮನೆಯಲ್ಲಿ ಅವನ್ನು ನೋಡಿದ ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು.

"ಅದೇನಪ್ಪಾ ಇದು, ಸಿಪಾಯ್ಗಳಂಗೆ ಬೆನ್ನಿಗೆ ಮೂಟೆ ಏರ್ಕಂಡು ಒಂಟಿದ್ದೀರಿ? ಮನೇಲಿ ಟ್ರಂಕಿಲ್ವಾ?"

"ಕೈ ಖಾಲಿ ಇರುತ್ತೆ ಕಣಮ್ಮ."

"ಕೈ ಖಾಲಿ ಇಟ್ಕಂಡು ಏನ್ ಮಾಡ್ತೀಯಾ, ತಾಳ ಆಕ್ತೀಯಾ?"

ಹಾಗೆಂದರೂ ಇವರ ಚೀಲಕ್ಕೆ ಹುರಿಹಿಟ್ಟು, ನಿಪ್ಪಟ್ಟು, ಡಬ್ಬಿ ತುಂಬ ಚಟ್ನಿಪುಡಿ ತುಂಬಿದ್ದು ಅವರೇ. ನನ್ನ ಚೀಲಕ್ಕೆ ದೇವನಹಳ್ಳಿಯಿಂದ ತರಿಸಿದ ಚಕ್ಕೋತ ಹಣ್ಣು. "ಯಾರಾನಾ ಒಳ್ಳೇವ್ರು ಸಿಕ್ಕುದ್ರೆ ಕೊಡವ್ವ. ಆ ಕಡೆಯವ್ರು ಇಂತಾ ಚಕ್ಕೋತ ಎಲ್ಲಿ ಕಂಡಿರ್ತಾರೆ, ಪಾಪ" ಅಂದರು.

ರೈಲಿನಲ್ಲಿ ನಾನು ಹೆಂಗಸರ ಡಬ್ಬಿ ಹತ್ತಿದೆ. ಇವರು ಗಂಡಸರ ನಡುವೆ ಎಲ್ಲೋ ನುಗ್ಗಿದರು. ದೊಡ್ಡ ಸ್ಟೇಷನ್ ಬಂದಾಗಲೆಲ್ಲ ನನ್ನ ಕಿಟಕಿಯ ಹತ್ತಿರ ಬಂದು ಚಹಾ ಕೊಟ್ಟು, "ಸರಿ ಇದೀಯಾ?" ಅಂತ ಕೇಳಿ ಓಡುತ್ತಿದ್ದರು. ನಾನು ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದೆ. ಜೊತೆಯಾಗಿ ಹೊರಟ ಇಬ್ಬರು ಹೀಗೆ ಬೇರೆ ಬೇರೆಯಾಗಿಯೇ ಅರ್ಧ ದೇಶ ದಾಟಿದೆವು.

ರಕ್ಸೌಲ್

ಗಡಿಯ ಈಚೆಗಿನ ಕೊನೆಯ ಊರು. ಸ್ಟೇಷನ್ ಎದುರಿಗೆ ಒಂದು ಖಾಸಗಿ ಬಸ್ಸು ನಿಂತಿತ್ತು. ಮೈಯೆಲ್ಲ ಹೂಬಳ್ಳಿಯ ಚಿತ್ರ, ತಲೆಯ ಮೇಲೆ ತಗಡಿನ ಪೆಟ್ಟಿಗೆಗಳ ರಾಶಿ, ರಾಶಿಯ ಮೇಲೆ ಕಾಲು ಕಟ್ಟಿಸಿಕೊಂಡ ಎರಡು ಆಡು. ಅದು ಗಡಿ ದಾಟಿ, ಕಾಡು ಹಾದು, ಬೆಟ್ಟ ಹತ್ತಿ ಕಾಠ್ಮಂಡುವಿಗೆ ಹೋಗುವ ಬಸ್ಸು. ಪಾಸ್‌ಪೋರ್ಟು ಬೇಡದ ಪರದೇಶ ಅಂತ ಇವರು ಖುಷಿಯಾಗಿದ್ದರು.

ನನ್ನ ಕಾಲು ತಾನಾಗಿಯೇ ಮುಂದಿನ ಸೀಟಿಗೆ ಹೋಯಿತು. ಇವರ ಕಾಲು ತಾನಾಗಿಯೇ ಕಟ್ಟಕಡೆಯ ಸೀಟಿಗೆ ಹೋಯಿತು. ಆ ಬಸ್ಸಿನಲ್ಲಿ ಹೆಂಗಸರ ಸೀಟು ಅಂತ ಯಾವುದೂ ಇರಲಿಲ್ಲ. ಗಂಡ, ಹೆಂಡತಿ, ಮಗು, ಕೋಳಿ ಎಲ್ಲ ಒಂದೇ ಹಲಗೆಯ ಮೇಲೆ ಒತ್ತಿಕೊಂಡು ಕೂತಿದ್ದರು. ಅದು ನನಗೆ ಕಾಣಿಸಿತು, ವಿಚಿತ್ರ ಅಂತಲೂ ಅನ್ನಿಸಿತು. ನಾವೂ ಹಾಗೆ ಕೂರಬಹುದು ಅಂತ ಮಾತ್ರ ಹೊಳೆಯಲಿಲ್ಲ.

ನನ್ನ ಪಕ್ಕ ಒಬ್ಬ ನಡುವಯಸ್ಸಿನ ನೇಪಾಳಿ ಹೆಂಗಸು. ಮೂಗಿನ ತುದಿಯಲ್ಲಿ ಚಿನ್ನದ ಬುಲಾಕು, ಕಾಲಡಿಯಲ್ಲಿ ಬಳೆ, ಬಟ್ಟೆ ತುಂಬಿದ ಬುಟ್ಟಿಗಳು. ಹಬ್ಬದ ಸಾಮಾನು ಕೊಳ್ಳಲು ಬೆಟ್ಟ ಇಳಿದು ಬಂದಿದ್ದವಳು. ಎಲ್ಲರೂ ಅವಳನ್ನು ದಿದಿ, ಅಂದರೆ ಅಕ್ಕ, ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವಳು ನನ್ನನ್ನು ಬಹಿನಿ ಅಂದಳು, ತಂಗಿ. ಅವಳದು ನೇಪಾಳಿ ಬೆರೆತ ಹಿಂದಿ, ನನ್ನದು ಪರೀಕ್ಷೆಗೆ ಓದಿದ ಹಿಂದಿ. ಇಲ್ಲಿ ಅವಳ ಬಾಯಲ್ಲಿ ಬರುವ ಕನ್ನಡವೆಲ್ಲ ನಾನು ಅರ್ಥ ಮಾಡಿಕೊಂಡದ್ದು ಅಷ್ಟೇ.

"ಒಬ್ಬಳೇ ಹೊರಟಿದ್ದೀಯಾ?"

"ಇಲ್ಲ, ಯಜಮಾನರಿದ್ದಾರೆ" ಅಂದೆ. ಅಂದೆ ಅಂತ ನನ್ನ ನೆನಪು. ಆದರೆ ಅಂದಿದ್ದರೆ ಮುಂದೆ ಆದದ್ದು ಆಗುತ್ತಿರಲಿಲ್ಲ. ಬಹುಶಃ ಬರೀ ನಕ್ಕಿರಬೇಕು.

ಬೀರಗಂಜ್

ಒಂದು ಸಣ್ಣ ಸೇತುವೆ ದಾಟಿದ್ದೇ ಪರದೇಶ ಬಂತು. ಮಣ್ಣೂ ಅದೇ, ಎಮ್ಮೆಗಳೂ ಅವೇ. ಸುಂಕದ ಕಟ್ಟೆಯಲ್ಲಿ ಎಲ್ಲರನ್ನೂ ಚೀಲದ ಸಮೇತ ಇಳಿಸಿದರು. ಹೆಂಗಸರದು ಒಂದು ಸಾಲು, ಗಂಡಸರದು ಇನ್ನೊಂದು, ಆ ಕೊನೆಯಲ್ಲಿ. ನನ್ನ ಚೀಲ ಬಿಚ್ಚಿಸಿದ ಅಧಿಕಾರಿ ಚಕ್ಕೋತ ಹಣ್ಣುಗಳನ್ನು ನೋಡಿ ಪಕ್ಕದವನಿಗೆ ತೋರಿಸಿದ. ಇಬ್ಬರೂ ನಕ್ಕು ನನ್ನನ್ನು ಕಳಿಸಿಬಿಟ್ಟರು. ಯಾಕೆ ನಕ್ಕರು ಅಂತ ಆಗ ತಿಳಿಯಲಿಲ್ಲ. ಗಂಡಸರ ಸಾಲಿನ ಕಡೆಯಿಂದ ಯಾರೋ ಒಂದೇ ಸಮನೆ ಸೀನುವುದು ಕೇಳಿತು. ಪಾಪ, ಶೀತ ಇರಬೇಕು ಅಂದುಕೊಂಡೆ.

ಹೊರಡುವ ಮೊದಲು ಆ ಬಸ್ಸಿನ ಕಂಡಕ್ಟರ್ ತಲೆ ಎಣಿಸುವುದಿಲ್ಲ. ಹಾದಿಯಲ್ಲಿ ಹತ್ತುವವರು, ಇಳಿಯುವವರು, ಮಡಿಲ ಮಕ್ಕಳು, ಎಣಿಸಿದರೆ ಲೆಕ್ಕ ಸಿಕ್ಕುವುದಿಲ್ಲವಂತೆ. ಬದಲಿಗೆ ಬಾಗಿಲಲ್ಲಿ ನಿಂತು, "ನಿಮ್ಮ ನಿಮ್ಮವರು ಬಂದರಾ? ಪಕ್ಕದಲ್ಲಿ ನೋಡ್ಕೊಳ್ಳಿ" ಅಂತ ಕೂಗುತ್ತಾನೆ. ಎಲ್ಲರೂ ತಮ್ಮ ಪಕ್ಕ ನೋಡಿಕೊಂಡು ಬಂದರು, ಬಂದರು ಅನ್ನುತ್ತಾರೆ. ಪಕ್ಕದವರು ಇಲ್ಲದಿದ್ದರೆ ಬಸ್ಸು ನಿಲ್ಲುತ್ತದೆ. ಎಂಥ ಒಳ್ಳೆಯ ಪದ್ಧತಿ! ಊರಿಗೆ ಹೋಗಿ ಹೇಳಬೇಕು ಅಂದುಕೊಂಡೆ.

ದಿದಿ ನನ್ನ ಭುಜದ ಮೇಲೆ ಕೈಯಿಟ್ಟು "ಬಂದಳು" ಅಂದಳು. ಕಂಡಕ್ಟರ್ ನನ್ನ ಕಡೆ ನೋಡಿದ. ನಾನು ದಿದಿಯನ್ನು ತೋರಿಸಿ "ಬಂದರು" ಅಂದೆ. ಇವರು ಹಿಂದೆ ಇದ್ದೇ ಇರುತ್ತಾರೆ, ಇನ್ನೆಲ್ಲಿ ಹೋಗುತ್ತಾರೆ? ತುಂಬಿದ ಬಸ್ಸಿನಲ್ಲಿ ಕತ್ತು ತಿರುಗಿಸಿ ಗಂಡನನ್ನು ಹುಡುಕುವುದು ನನ್ನಿಂದ ಆಗದ ಕೆಲಸ. ಬಸ್ಸು ಹೊರಟಿತು.

ಹೇಟೌಡಾ

ಬೀರಗಂಜ್ ಆದ ಮೇಲೆ ಸಾಲವೃಕ್ಷಗಳ ದಟ್ಟ ಕಾಡು. ಕಾಡು ಮುಗಿದು ಬೆಟ್ಟ ಶುರುವಾಗುವಲ್ಲಿ ಹೇಟೌಡಾ ಎಂಬ ಊರು. ಅಲ್ಲಿ ಊಟಕ್ಕೆ ನಿಲ್ಲಿಸಿದರು. ದಿದಿ ಕರೆದಳು, ನಾನು ಇಳಿಯಲಿಲ್ಲ. ಕಿಟಕಿಯ ಹತ್ತಿರವೇ ಕೂತೆ. ಈಗ ಚಹಾ ಬರುತ್ತದೆ, ಸರಿ ಇದೀಯಾ ಅಂತ ಕೇಳುತ್ತಾರೆ ಅಂತ ಕಾದೆ.

ಜನ ಉಂಡು, ಕೈ ತೊಳೆದು, ಒಬ್ಬೊಬ್ಬರಾಗಿ ವಾಪಸ್ ಬಂದರು. ಚಹಾ ಬರಲಿಲ್ಲ. ಆಗ ತಿರುಗಿ ನೋಡಿದೆ. ಕಟ್ಟಕಡೆಯ ಸೀಟಿನಲ್ಲಿ, ಇವರು ಕೂತಿದ್ದ ಜಾಗದಲ್ಲಿ, ಯಾರದೋ ಕೋಳಿಬುಟ್ಟಿ ಇತ್ತು.

ನಾನು ಎದ್ದು ನಿಂತದ್ದು ನೆನಪಿದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಕಂಡಕ್ಟರ್ ಓಡಿ ಬಂದ.

"ಏನಾಯ್ತು?"

"ನನ್ನ ಯಜಮಾನರು. ಅವರಿಲ್ಲ."

"ಯಾವ ಯಜಮಾನರು? ನೀವು ದಿದಿ ಕಡೆಯವರಲ್ವಾ?"

"ಹಿಂದೆ ಕೂತಿದ್ದರು."

"ಗಂಡ ಹಿಂದೆ, ಹೆಂಡತಿ ಮುಂದೆ? ಜಗಳ ಆಡಿದ್ರಾ?"

ನಾವು ಜಗಳ ಆಡಿಲ್ಲ, ನಮ್ಮ ಕಡೆ ಹಾಗೇ ಕೂರುವುದು ಅಂತ ಹಿಂದಿಯಲ್ಲಿ ಹೇಗೆ ಹೇಳುವುದು? ಕನ್ನಡದಲ್ಲೂ ನನಗೆ ಹೇಳಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಎದ್ದು ಬಂದ. ಪಲ್ಟನ್ನಿನಿಂದ ನಿವೃತ್ತನಾಗಿ ಊರಿಗೆ ಹೊರಟಿದ್ದ ಹವಾಲ್ದಾರ. ಎಲ್ಲರಿಗೂ ಅವನು ದಾಜು, ಅಣ್ಣ.

"ಉದ್ದಕ್ಕೆ, ಕನ್ನಡಕ ಹಾಕಿದ್ದ ಮನುಷ್ಯನಾ?" ಅಂದ.

"ಹೌದು."

"ಅವನು ನಿನ್ನ ಗಂಡನಾ?" ಹವಾಲ್ದಾರ ಹಣೆ ಚಚ್ಚಿಕೊಂಡ. "ಅಯ್ಯೋ ಬಹಿನಿ, ರಕ್ಸೌಲ್‌ನಲ್ಲಿ ಹತ್ತಿದಾಗಿನಿಂದ ಅವನು ನಿನ್ನನ್ನೇ ನೋಡ್ತಿದ್ದ. ಯಾರೋ ಪೋಲಿ ಅಂದ್ಕೊಂಡೆ. ಎರಡು ಸಲ ಕೆಮ್ಮಿದೆ, ಆದ್ರೂ ನೋಡ್ತಾನೇ ಇದ್ದ. ಬೀರಗಂಜ್‌ನಲ್ಲಿ ಅವನು ಹತ್ತಲಿಲ್ಲ ಅಂತ ಗೊತ್ತಾಯ್ತು. ಪೀಡೆ ತೊಲಗಿತು ಅಂತ ಸುಮ್ಮನಾದೆ!"

ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಕೇಳಿದೆ, "ನನ್ನನ್ನೇ ನೋಡ್ತಿದ್ದರಾ?"

"ಮತ್ತೆ? ನನ್ನನ್ನಾ?"

"ನಿಜವಾಗ್ಲೂ?"

ದಿದಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡಿ ಇವಳನ್ನ. ಗಂಡ ಕಳೆದುಹೋಗಿದ್ದಾನೆ, ಇವಳ ಮುಖ ಅರಳಿದೆ."

ಹಿಂದಿನಿಂದ ಲಾರಿಗಳು ಬರುತ್ತವೆ, ಯಾವುದರಲ್ಲಾದರೂ ಹತ್ತಿ ಬಂದಾನು ಅಂತ ಡ್ರೈವರ್ ಧೈರ್ಯ ಹೇಳಿದ. ಬೀರಗಂಜ್ ಕಡೆ ಇಳಿದು ಹೋಗುವ ಲಾರಿಗಳನ್ನು ನಿಲ್ಲಿಸಿ ಸುದ್ದಿ ಹೇಳಿ ಕಳಿಸಲು ಹವಾಲ್ದಾರ ರಸ್ತೆಯ ನಡುವೆ ನಿಂತುಬಿಟ್ಟ. ಗುರುತು ಹೇಳಬೇಕಲ್ಲ, ನನ್ನ ಕಡೆ ತಿರುಗಿದ.

"ಅಂಗಿ ಯಾವ ಬಣ್ಣ?"

ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಜೊತೆಯಲ್ಲೇ ಇದ್ದ ಮನುಷ್ಯನ ಅಂಗಿಯ ಬಣ್ಣ ನಾನು ನೋಡಿರಲಿಲ್ಲ.

"ನೀಲಿ ಗೆರೆ" ಅಂತ ಹವಾಲ್ದಾರನೇ ಅಂದ. "ಮೀಸೆ?"

"ಇದೆ. ಸಣ್ಣದು."

"ಇಲ್ಲ ಬಹಿನಿ. ಅವನಿಗೆ ಮೀಸೆ ಇರಲಿಲ್ಲ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಳೆದುಹೋದವನು ಇವಳ ಗಂಡನೇ ಹೌದೋ ಅಲ್ಲವೋ ಅಂತ ಅವನಿಗೆ ಮತ್ತೆ ಅನುಮಾನ ಬಂದಿರಬೇಕು. ನನಗಂತೂ ಬಂತು.

ಡ್ರೈವರ್ ಕಾಯುವಷ್ಟು ಕಾದ. ಮಂಜು ಇಳಿದರೆ ಘಾಟಿ ಹತ್ತಲಾಗದು, ಬಸ್ಸಿನಲ್ಲಿ ಮಕ್ಕಳಿದ್ದಾರೆ ಅಂದ. ಅವನ ಮಾತು ನ್ಯಾಯವಾಗಿತ್ತು. ನಾನು ನನ್ನ ಚೀಲ ಎತ್ತಿಕೊಂಡು ಇಳಿದೆ. ತಿರುಗಿ ನೋಡಿದರೆ ದಿದಿ ತನ್ನ ಬುಟ್ಟಿಗಳನ್ನು ಕೆಳಗಿಡುತ್ತಿದ್ದಾಳೆ. ಹವಾಲ್ದಾರ ತಗಡಿನ ಪೆಟ್ಟಿಗೆಯನ್ನು ಮೇಲಿನಿಂದ ಇಳಿಸಿಕೊಳ್ಳುತ್ತಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ.

"ಬೇಡ ದಿದಿ, ನಾಳೆ ನಿಮಗೆ ಹಬ್ಬ ಅಂದ್ರಿ" ಅಂದೆ.

"ನಾಳೆಯದು ನಾಯಿಗಳ ಹಬ್ಬ. ನಾಯಿಗಳು ಕಾಯ್ತವೆ ಬಿಡು."

ಬಸ್ಸು ಹೋಯಿತು. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆವು. ಸುಮ್ಮನೆ ಕೂತಿರಲಾರದೆ ಚಕ್ಕೋತ ಹಣ್ಣುಗಳನ್ನು ತೆಗೆದು ದಿದಿಗೆ ಕೊಟ್ಟೆ. ಅವಳು ಅಂಗಡಿಯ ಮೂಲೆಯತ್ತ ಬೆರಳು ಮಾಡಿದಳು. ಅಲ್ಲಿ ಅವೇ ಹಣ್ಣು, ಮಂಡಿಯೆತ್ತರ ರಾಶಿ. ಅವರ ಹಬ್ಬಕ್ಕೆ ಅದಿಲ್ಲದೆ ಆಗುವುದಿಲ್ಲವಂತೆ. ನಮ್ಮ ಅತ್ತೆ ಪಾಪ ಅಂದಿದ್ದು ಈ ಜನಕ್ಕೆ! ಆದರೆ ದಿದಿ ಅಂಗಡಿಯ ಹಣ್ಣು ಮುಟ್ಟಲಿಲ್ಲ. ನನ್ನದನ್ನೇ ಸುಲಿದು, ಮೊಸರು, ಮೆಣಸಿನಕಾಯಿ, ಸಾಸಿವೆ ಎಣ್ಣೆ ಹಾಕಿ ಕಲಸಿ, "ನಿನ್ನ ಊರಿನದು ಹೆಚ್ಚು ಸಿಹಿ" ಅಂದಳು. ನಿಜವಿರಲಿಕ್ಕಿಲ್ಲ. ಅಷ್ಟು ದಿನ ಚೀಲದಲ್ಲಿ ಬಾಡಿದ ಹಣ್ಣು.

ಕಾಯುತ್ತಾ ಕೂತಾಗ ತಲೆಯಲ್ಲಿ ಏನೇನೋ ಬಂತು. ಇವರು ಸಿಕ್ಕದಿದ್ದರೆ? ಗಡಿಯವರು ಹಿಡಿದು ಕೂರಿಸಿದ್ದರೆ? ಅತ್ತೆಗೆ ಏನೆಂದು ಹೇಳಲಿ? ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಇವರು ಹಿಂದೆ ಕೂತು ನನ್ನನ್ನು ನೋಡುತ್ತಿದ್ದರು ಅಂತ ಗೊತ್ತಾದ ದಿನವೇ ಇವರು ಇಲ್ಲದಂತಾದರೆ, ಆಮೇಲೆ ನಾನು ತಿರುಗಿ ನೋಡುವುದು ಯಾರನ್ನು?

ಹವಾಲ್ದಾರ ಹತ್ತಿ ಬರುವ ಒಂದೊಂದು ಲಾರಿಯನ್ನೂ ಕೈಯೆತ್ತಿ ನಿಲ್ಲಿಸುತ್ತಿದ್ದ. ಕಟ್ಟಿಗೆಯ ಲಾರಿ ಬಂತು, ಸಿಮೆಂಟಿನದು ಬಂತು. ಆಮೇಲೆ ಉಪ್ಪಿನ ಮೂಟೆ ಹೇರಿದ ಒಂದು ಲಾರಿ ಬಂತು. ಮೂಟೆಗಳ ಮೇಲೆ ಧೂಳಿನಲ್ಲಿ ಬೆಳ್ಳಗಾದ ಒಬ್ಬ ಮನುಷ್ಯ. ಮೀಸೆ ಇರಲಿಲ್ಲ. ಬೆನ್ನಿನ ಚೀಲ ನೋಡಿ ಗುರುತು ಹಿಡಿದೆ.

ಇವರು ಇಳಿದು ಬಂದು ನನ್ನ ಎದುರಿಗೆ ನಿಂತರು. ಅಂಗಡಿಯವರು, ಲಾರಿಯವರು ಎಲ್ಲ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಗಂಡ ಹೆಂಡತಿ ಏನು ಮಾಡುತ್ತಾರೆ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ಸರಿ ಇದೀಯಾ?" ಅಂದರು.

"ಮೀಸೆ ಯಾಕ್ರೀ ತೆಗೆಸಿದ್ರಿ?" ಅಂದೆ.

ಇದು ನನ್ನ ನೆನಪು. ಇವರ ಪ್ರಕಾರ ನಾನು ಒಂದು ಮಾತೂ ಆಡದೆ ಬಿಕ್ಕಿ ಬಿಕ್ಕಿ ಅತ್ತೆನಂತೆ. ಅತ್ತದ್ದು ಇವರು ಅಂತ ನನ್ನ ವಾದ.

ಹವಾಲ್ದಾರ ಮಾತ್ರ ಇವರನ್ನು ಬಿಡಲಿಲ್ಲ. "ಏನಯ್ಯಾ, ಅವಳು ನನ್ನ ಹೆಂಡತಿ ಅಂತ ನನಗೆ ಒಂದು ಮಾತು ಹೇಳೋಕೇನಾಗಿತ್ತು?"

"ನೀವು ಕೇಳಲಿಲ್ಲವಲ್ಲ."

"ಕೆಮ್ಮಿದೆನಲ್ಲ!"

"ನಿಮಗೆ ಕೆಮ್ಮು ಅಂದುಕೊಂಡು ನಿಂಬೆಹುಳಿ ಪೆಪ್ಪರ್‌ಮೆಂಟು ಕೊಟ್ಟೆನಲ್ಲ" ಅಂದರು ಇವರು. ಕೊಟ್ಟಿದ್ದು ನಿಜ ಅಂತ ಹವಾಲ್ದಾರ ಒಪ್ಪಿಕೊಂಡ.

ಉಪ್ಪಿನ ಲಾರಿಯ ಮೇಲೆ

ಲಾರಿಯವನು ನಮ್ಮೆಲ್ಲರನ್ನೂ ಹತ್ತಿಸಿಕೊಂಡ. ದಿದಿ ಮತ್ತು ಹವಾಲ್ದಾರ ಡ್ರೈವರ್ ಪಕ್ಕ ಕೂತರು. ನಾನು ಅಭ್ಯಾಸಬಲದಿಂದ ಮುಂದೆ ಹೆಜ್ಜೆಯಿಟ್ಟಿದ್ದೆ. ಹವಾಲ್ದಾರ ಬಾಗಿಲು ಮುಚ್ಚಿಕೊಂಡು ತಲೆ ಹೊರಗೆ ಹಾಕಿದ.

"ನೀವಿಬ್ಬರೂ ಮೇಲೆ. ಅಲ್ಲಿ ನೋಡೋಕೆ ಬೇರೆ ಯಾರೂ ಇಲ್ಲ."

ಮೂಟೆಗಳ ನಡುವೆ ಇಬ್ಬರು ಕೂರುವಷ್ಟೇ ಗುಂಡಿ. ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಹತ್ತುತ್ತಿತ್ತು. ಒಂದು ತಿರುವಿನಲ್ಲಿ ನಾನು ಇವರ ಮೇಲೆ, ಮುಂದಿನ ತಿರುವಿನಲ್ಲಿ ಇವರು ನನ್ನ ಮೇಲೆ. ನಂದಿಬೆಟ್ಟದ ಚಳಿಯೇ ದೊಡ್ಡದು ಅಂದುಕೊಂಡಿದ್ದವರಿಗೆ ಹಲ್ಲು ಕಟಕಟ ಅನ್ನತೊಡಗಿತು. ಇದ್ದ ಒಂದು ಶಾಲನ್ನು ಇಬ್ಬರೂ ಹೊದ್ದೆವು.

ಮೀಸೆ ರೈಲಿನ ದಾರಿಯಲ್ಲೇ ತೆಗೆಸಿದ್ದಂತೆ, ತಲೆ ತಗ್ಗಿಸಿದ್ದ ನನಗೆ ಕಂಡಿರಲಿಲ್ಲ. ಗಡಿಯಲ್ಲಿ ಆದದ್ದನ್ನೂ ಆಗ ಹೇಳಿದರು. ಅಧಿಕಾರಿ ಚಟ್ನಿಪುಡಿಯ ಡಬ್ಬಿ ತೆಗೆದು, ಇದೇನು ಕೆಂಪು ಪುಡಿ ಅಂತ ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದನಂತೆ. ಆಮೇಲೆ ಸೀನು ನಿಲ್ಲಲೇ ಇಲ್ಲ. ಒಳಗಿನಿಂದ ದೊಡ್ಡ ಅಧಿಕಾರಿ ಬಂದು ಇವರನ್ನು ಕೋಣೆಗೆ ಕರೆದುಕೊಂಡು ಹೋದ. ತಿಂದು ತೋರಿಸು ಅಂದ. ಇವರು ತಿಂದು ತೋರಿಸಿದರು. ಬರೀ ಪುಡಿ ಹೇಗೆ ತಿನ್ನುತ್ತೀಯಾ ಅಂತ ಅವನು ತನ್ನ ಊಟದ ಅನ್ನದಲ್ಲಿ ಒಂದು ಪಾಲು ಕೊಟ್ಟ. ತಾನೂ ಕಲಸಿಕೊಂಡ. ಇನ್ನೂ ಸ್ವಲ್ಪ ಹಾಕು ಅಂದ.

"ಹೊರಗೆ ಬಂದ್ರೆ ಬಸ್ಸಿಲ್ಲ" ಅಂದರು. "ನಾನು ಹತ್ತಿಲ್ಲ ಅಂತ ಗೊತ್ತಾಗಿ ನೀನೇ ನಿಲ್ಲಿಸ್ತೀಯ ಅಂದ್ಕೊಂಡಿದ್ದೆ. ಒಂದು ಸಲಾನಾದ್ರೂ ತಿರುಗಿ ನೋಡ್ತೀಯ ಅಂತ ರಕ್ಸೌಲ್‌ನಿಂದ ಕಾಯ್ತಿದ್ದೆ."

"ಹೆಂಗ್ರೀ ತಿರುಗಲಿ? ಬಸ್ ತುಂಬ ಜನ."

"ಅವ್ರಿಗೆಲ್ಲ ನಮ್ಮನೆ ಯಾವ್ದು ಅಂತ ಗೊತ್ತಾ?"

ಮುಂದಿನ ತಿರುವಿನಲ್ಲಿ ನನಗೆ ಹೊಳೆಯಿತು.

"ಅಂದ್ರೆ ನನ್ನನ್ನೇ ನೋಡ್ತಿದ್ರಿ! ದಾಜು ಹೇಳಿದ್ದು ನಿಜ."

"ಕಿಟಕಿ ನೋಡ್ತಿದ್ದೆ ಕಣೇ. ಮಧ್ಯದಲ್ಲಿ ನೀನು ಬರ್ತಿದ್ದೆ."

ಈಗಲೂ ಅದನ್ನೇ ಹೇಳುತ್ತಾರೆ. ನಾನು ಹವಾಲ್ದಾರನ ಸಾಕ್ಷಿಯನ್ನೇ ನಂಬಿದ್ದೇನೆ. ಅವನಿಗೆ ಸುಳ್ಳು ಹೇಳುವ ಕಾರಣವಿರಲಿಲ್ಲ.

ದಾಮನ್

ಘಾಟಿಯ ನೆತ್ತಿ ದಾಟಿ ಸ್ವಲ್ಪ ಇಳಿದರೆ ದಿದಿಯ ಊರು, ದಾಮನ್. ಲಾರಿ ಅಲ್ಲಿ ನಮ್ಮನ್ನು ಇಳಿಸುವಾಗ ಸಂಜೆಯ ಮಂಜಿನಲ್ಲಿ ಎದುರಿನ ಮರವೂ ಕಾಣುತ್ತಿರಲಿಲ್ಲ. ಹವಾಲ್ದಾರ ಅದೇ ಲಾರಿಯಲ್ಲಿ ಮುಂದೆ ಹೋಗುವವನು. ಕೆಳಗಿಳಿದು ಇವರಿಗೊಂದು ಸಲ್ಯೂಟ್ ಹೊಡೆದ.

"ಇನ್ನು ಮೇಲೆ ಪಕ್ಕದಲ್ಲೇ ಕೂತು ನೋಡು ಮೇಷ್ಟ್ರೇ. ಯಾರೂ ಕೆಮ್ಮಲ್ಲ."

ನನ್ನ ತಲೆ ಮುಟ್ಟಿ ಹೊರಟುಹೋದ. ಅವನಿಗೆ ಸರಿಯಾಗಿ ಕೃತಜ್ಞತೆ ಹೇಳಲೂ ಆಗಲಿಲ್ಲ. ಹೆಸರು ಕೇಳಿದ್ದೆ ಅನ್ನಿಸುತ್ತದೆ, ಬರೆದುಕೊಳ್ಳಲಿಲ್ಲ.

ದಿದಿಯದು ಕೆಮ್ಮಣ್ಣು ಬಳಿದ ಎರಡಂತಸ್ತಿನ ಸಣ್ಣ ಮನೆ. ಮಗ, ಸೊಸೆ, ಎರಡು ನಾಯಿ. ಒಲೆಯ ಸುತ್ತ ಎಲ್ಲರೂ ಒಟ್ಟಿಗೇ ಕೂತರು. ಗಂಡ ಏನೋ ಚೇಷ್ಟೆಯ ಮಾತಾಡಿದ್ದಕ್ಕೆ ಸೊಸೆ ಎಲ್ಲರೆದುರಿಗೇ ಅವನ ಬೆನ್ನಿಗೆ ಜೋಳದ ದಿಂಡು ಎಸೆದಳು. ನಾನು ಬೆದರಿ ಅತ್ತೆಯ ಮುಖ ನೋಡಿದೆ, ಅಂದರೆ ದಿದಿಯ ಮುಖ. ದಿದಿ ಇನ್ನೊಂದು ದಿಂಡು ಸೊಸೆಯ ಕೈಗೆ ಕೊಟ್ಟಳು.

ಅವತ್ತು ನಮ್ಮ ಕಡೆ ದೀಪಾವಳಿಯ ನೀರು ತುಂಬುವ ಹಬ್ಬ. ಯಲಹಂಕದಲ್ಲಿ ಹಂಡೆ ಬೆಳಗಿ, ಸುಣ್ಣದ ಪಟ್ಟೆ ಬಳಿದು, ಮಾವಿನೆಲೆ ಕಟ್ಟಿ ನೀರು ತುಂಬಿರುತ್ತಾರೆ, ಬೆಳಗಾದರೆ ಎಣ್ಣೆಸ್ನಾನ ಅಂತ ದಿದಿಗೆ ಹೇಳಿದೆ. ಬೆಳಿಗ್ಗೆ ಏಳುತ್ತಲೇ ಅವಳು ಸಾಸಿವೆ ಎಣ್ಣೆಯ ಬಟ್ಟಲು ಹಿಡಿದು ಬಂದು ನಮ್ಮಿಬ್ಬರ ನೆತ್ತಿಗೂ ತಟ್ಟಿದಳು. ಆ ಚಳಿಯಲ್ಲಿ ಸ್ನಾನದ ಮಾತು ನಾವೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆಮೇಲೆ ನಾಯಿಗಳ ಸರದಿ. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಎಲೆಯ ಮೇಲೆ ಅನ್ನ, ಮಾಂಸ. ವರ್ಷಕ್ಕೊಂದು ದಿನ ಮನೆ ಕಾಯುವವರನ್ನು ಹೀಗೆ ಕೂರಿಸಿ ಪೂಜೆ ಮಾಡುತ್ತಾರೆ. ಬೀದಿಯ ಬಡಕಲು ನಾಯಿಗಳ ಕೊರಳಲ್ಲೂ ಹಾರ ಇತ್ತು. ಯಲಹಂಕದ ಹತ್ತಿರದ ಚಿಕ್ಕಜಾಲದ ಕೆರೆ ಏರಿಯ ಮೇಲೆ ಕಲ್ಲು ತಿಂದು ಓಡುವ ನಾಯಿಗಳನ್ನು ನೆನೆಸಿಕೊಂಡೆ.

ದಿದಿಗೆ ಏನು ಕೊಡುವುದು? ಹುರಿಹಿಟ್ಟಿನ ಗಂಟು ಕೊಟ್ಟೆವು. ಬೆಲ್ಲ ಹಾಕಿ ಕಲಸುವುದನ್ನು ಸೊಸೆಗೆ ತೋರಿಸಿಕೊಟ್ಟೆ. ದಿದಿ ನನ್ನ ಕೈಗೆ ತಾನು ರಕ್ಸೌಲ್‌ನಿಂದ ತಂದ ಹಸಿರು ಬಳೆಗಳನ್ನು ತೊಡಿಸಿದಳು. ನಮಗಾಗಿ ಒಂದು ಬಸ್ಸನ್ನು, ಒಂದು ಹಬ್ಬದ ಸಂಜೆಯನ್ನು ಬಿಟ್ಟವಳು ಅವಳು. ಅವಳ ಹೆಸರು ಕೇಳಲಿಲ್ಲ ಅಂತ ಕಾಠ್ಮಂಡು ತಲುಪಿದ ಮೇಲೆ ಹೊಳೆಯಿತು. ಅಕ್ಕನ ಹೆಸರನ್ನು ಯಾರು ಕೇಳುತ್ತಾರೆ ಅಂತ ಇವರು ಸಮಾಧಾನ ಹೇಳಿದರು. ಇಂದಿಗೂ ನಮ್ಮಿಬ್ಬರಿಗೂ ಅವಳು ದಿದಿಯೇ.

ಆಮೇಲೆ ಪಶುಪತಿನಾಥನ ದರ್ಶನವಾಯಿತು. ಅತ್ತೆಗೆ ಪ್ರಸಾದ ತಂದೆವು. ಅದನ್ನೆಲ್ಲ ಬೇರೆಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ಹಿಮಾಲಯ ಹೇಗಿತ್ತು ಅಂತ ಮಾತ್ರ ಎಲ್ಲರೂ ಕೇಳುತ್ತಾರೆ. ಬೆಳ್ಳಗಿತ್ತು ಅನ್ನುತ್ತೇನೆ. ಅವತ್ತು ಬೆಳಿಗ್ಗೆ ಮಂಜು ಸರಿದು ದಾಮನ್‌ನ ದಿಣ್ಣೆಯಿಂದ ಆ ಸಾಲು ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತಿತ್ತಂತೆ. ನನ್ನ ಕಣ್ಣಿಗೂ ಬಿದ್ದಿರಲೇಬೇಕು. ಆದರೆ ಕಾಠ್ಮಂಡುವಿನ ಬಸ್ಸಿಗೆ ಕಾಯುತ್ತಾ ಒಂದು ಬಂಡೆಯ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂತಿದ್ದೆವು. ಇವರು ಮಾತಾಡುತ್ತಿದ್ದರು. ಮನೆಯಲ್ಲಿ ಗೋಡೆಗೆ ಮಾತಾಡುತ್ತಿದ್ದ ಮನುಷ್ಯ ಇಷ್ಟು ಮಾತುಗಾರ ಅಂತ ಯಾರಿಗೆ ಗೊತ್ತಿತ್ತು? ಕತ್ತಲೆಂದರೆ ಹೆದರಿಕೆಯಂತೆ. ಚಿಕ್ಕವರಿದ್ದಾಗ ತಬಲಾ ಕಲಿಯಬೇಕು ಅಂತ ಇತ್ತಂತೆ. ನಾನು ಪಿಸುಗುಟ್ಟುವಾಗ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲವಂತೆ, ಸುಮ್ಮನೆ ಹೂಂ ಅನ್ನುತ್ತಿದ್ದರಂತೆ.

"ಇನ್ನೊಂದು ಹೇಳ್ಲಾ?" ಅಂದರು. "ನನಗೆ ಹಾಗಲಕಾಯಿ ಗೊಜ್ಜು ಸೇರಲ್ಲ."

ನಾನು ಬೆಚ್ಚಿಬಿದ್ದೆ. ಅವರಿಗೆ ಅದು ಪ್ರಾಣ ಅಂತ ತಿಳಿದು ವಾರ ತಪ್ಪದೆ ಮಾಡುತ್ತಿದ್ದವಳು ನಾನು.

"ಮತ್ತೆ ಪ್ರತಿ ಸಲ ಎರಡೆರಡು ಸಲ ಹಾಕಿಸ್ಕೋತಿದ್ರಲ್ರೀ?"

ಇವರು ಬೆಟ್ಟಗಳಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ಕೂತರು.

"ಇನ್ನೊಂದು ಸಲ ಕೇಳಿದ್ರೆ ನೀನು ಮತ್ತೆ ಹತ್ತಿರ ಬರ್ತಿದ್ದೆಯಲ್ಲ."